ನಡುಗಂಬದ ಎಂಟನೆಯ ಮೊಳೆ

ಮನೆಗಳು ತಮ್ಮ ಮೇಲೆ ತಾವೇ ಚಾಡಿ ಹೇಳಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು.

ಮೊದಮೊದಲು ಜನ ನಂಬಲಿಲ್ಲ. ಅಂಗೈಯಗಲದ ಕಂದು ಬಣ್ಣದ ಪೆಟ್ಟಿಗೆಯೊಂದನ್ನು ವಿಮೆ ಕಂಪನಿಯವರು ತಂದು ಮನೆಯ ತೊಲೆಗೋ ಕಂಬಕ್ಕೋ ಅಂಟಿಸಿ ಹೋಗುತ್ತಿದ್ದರು. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ, ಬರೀ ಕಿವಿ. ಕಾಗದಪತ್ರದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಗೋಕಾಕದ ಜನ ನೋಡಿದ ದಿನವೇ ಅದನ್ನು ‘ಗುಬ್ಬಿ’ ಎಂದರು, ಆ ಹೆಸರೇ ನಿಂತುಬಿಟ್ಟಿತು. ಗೋಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ, ತೊಲೆಗೆ ಗೆದ್ದಲು ಹತ್ತಿದರೂ, ಪ್ರವಾಹದ ನೀರು ಬಂದು ಗೋಡೆಗೆ ಬಡಿದರೂ ಆ ನಡುಕ ಗುಬ್ಬಿಗೆ ಕೇಳುತ್ತಿತ್ತು. ಮನುಷ್ಯರ ಮಾತನ್ನು ಮಾತ್ರ ಅದು ಅಲ್ಲಿಂದಲ್ಲಿಗೇ ಒರೆಸಿಹಾಕುತ್ತಿತ್ತು. ಗಂಡ ಹೆಂಡಿರ ಜಗಳ ನಮಗೆ ಬೇಡ, ಗೋಡೆಯ ಜಗಳ ಸಾಕು ಎಂದು ಕಂಪನಿಯವರು ನಗುತ್ತಿದ್ದರು. ಕೇಳಿದ್ದನ್ನೆಲ್ಲ ಕೂಡಿಸಿ, ಈ ಮನೆ ಇನ್ನೆಷ್ಟು ಮಳೆಗಾಲ ತಾಳೀತು ಎಂದು ಅಂದಾಜು ಮಾಡಿ, ಅದರ ಮೇಲೆ ವಿಮೆಯ ಕಂತು ಏರಿಸುತ್ತಿದ್ದರು. ಇಳಿಸಿದ್ದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ಜನ ಹೊಂದಿಕೊಂಡರು. ಹೊಂದಿಕೊಳ್ಳುವುದರಲ್ಲಿ ನಮ್ಮ ಜನರನ್ನು ಮೀರಿಸಿದವರಿಲ್ಲ. ಖಾರ ಕುಟ್ಟುವ ಒರಳು ಓಣಿಗೆ ಬಂತು. ತೊಲೆಗೆ ಕಟ್ಟಿದ ತೊಟ್ಟಿಲು ಇಳಿದು, ಕೂಸುಗಳು ನೆಲದ ಮೇಲಿನ ಕಬ್ಬಿಣದ ತೊಟ್ಟಿಲಿನಲ್ಲಿ ತೂಗಿಸಿಕೊಂಡವು. ಮದುವೆಮನೆಯ ಡೊಳ್ಳು ಅಂಗಳ ದಾಟಿ ಒಳಗೆ ಬರುವಂತಿರಲಿಲ್ಲ. ಸುಮ್ಮನಿರು, ಗುಬ್ಬಿ ಕೇಳತೈತಿ ಎನ್ನುವುದೇ ಮಕ್ಕಳನ್ನು ಗದರಿಸುವ ಮಾತಾಯಿತು. ಯಾಕೆಂದರೆ ವಿಮೆ ತಪ್ಪಿದ ಮನೆ ಇದ್ದೂ ಇಲ್ಲದ ಹಾಗೆ. ಆ ವಿಳಾಸಕ್ಕೆ ಸಾಲ ಇಲ್ಲ, ಆ ಓಣಿಗೆ ಶಾಲೆಯ ಬಸ್ಸು ಇಲ್ಲ, ಆ ಅಂಗಳದಲ್ಲಿ ನಿಲ್ಲುವ ಗಾಡಿಗೂ ವಿಮೆ ಇಲ್ಲ, ವಿಮೆ ಇಲ್ಲದ ಗಾಡಿ ರಸ್ತೆಗಿಳಿಯುವಂತೆಯೇ ಇಲ್ಲ.

ಮಂದಾಕಿನಿಯ ಮನೆಗೆ ಆದದ್ದೂ ಅದೇ.

ಗೋಕಾಕದ ಹೊಳೆಸಾಲು ಓಣಿಯಲ್ಲಿ, ಘಟಪ್ರಭೆಯ ದಂಡೆಗೆ ಬೆನ್ನು ಹಾಕಿ ನಿಂತ ಮನೆ ಅದು. ಅವಳ ಗಂಡ ಮೌನೇಶ ಬಡಿಗೇರನ ಮುತ್ತಜ್ಜ ಸಾಗುವಾನಿ ತಂದು ಕಟ್ಟಿದ್ದು. ಮೊದಲ ವರ್ಷಗಳಲ್ಲಿ ಕಂತು ಏರಿತು, ಕಟ್ಟಿದರು. ಮತ್ತೆ ಏರಿತು, ಮಂದಾಕಿನಿ ಕಿವಿಯ ಬೆಂಡೋಲೆ ಬಿಚ್ಚಿಕೊಟ್ಟಳು. ಆಮೇಲೆ ಒಂದು ದಿನ ಎಷ್ಟು ಕೊಟ್ಟರೂ ನವೀಕರಣ ಇಲ್ಲ ಎಂದು ಪತ್ರ ಬಂತು. ಓಣಿಯವರು ಒಬ್ಬೊಬ್ಬರಾಗಿ ಬಾಗಿಲಿಗೆ ಬೀಗ ಹಾಕಿ ಹೋದರು. ಮೌನೇಶ ಮಾತ್ರ ಕಂಪನಿಯ ಕಚೇರಿಗೆ ಅಲೆದಲೆದು ಒಂದು ದಾರಿ ಹುಡುಕಿದ. ಮೂರು ಮಳೆಗಾಲ ಮನೆಯನ್ನು ‘ನಿಗಾ’ದಲ್ಲಿ ಇಡುತ್ತಾರೆ. ಗುಬ್ಬಿ ಇರುತ್ತದೆ, ಮನೆಯೊಳಗೆ ಒಬ್ಬರಾದರೂ ವಾಸ ಇರಬೇಕು. ಮೂರು ಮಳೆಗಾಲದಲ್ಲಿ ಒಮ್ಮೆಯೂ ಕೆಂಪು ಗುರುತು ಬೀಳದಿದ್ದರೆ ವಿಮೆ ಮರಳಿ ಸಿಗುತ್ತದೆ.

ಹಾಗಾಗಿ ಗಂಡ ಹೆಂಡತಿ ಕಾಗದದ ಮೇಲೆ ಬೇರೆಯಾದರು. ಮಗಳು ಚಿನ್ಮಯಿಯ ಶಾಲೆಗೆ ವಿಮೆ ಇರುವ ವಿಳಾಸ ಬೇಕಿತ್ತು. ಮಂದಾಕಿನಿ ಅವಳನ್ನು ಕರೆದುಕೊಂಡು ಬೆಳಗಾವಿಗೆ ಬಂದು, ಗುಡ್ಡದ ಮೇಲಿನ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ಬಾಡಿಗೆಗೆ ನಿಂತಳು. ಮೌನೇಶ ಮನೆ ಕಾಯಲು ಉಳಿದ. ಬಾಗಿಲು ಕಿಟಕಿ ಸಾಗಿಸುತ್ತಿದ್ದ ಅವನ ಗೂಡ್ಸ್ ಗಾಡಿ ಗುಡ್ಡದಾಚೆ ಯಾರದೋ ಶೆಡ್ಡಿನಲ್ಲಿ ಮಲಗಿತು. ಬಡಿಗನಾಗಿ ಹುಟ್ಟಿದವನು ಮೂರು ವರ್ಷ ಸ್ವಂತ ಮನೆಯಲ್ಲಿ ಸುತ್ತಿಗೆ ಎತ್ತಲಿಲ್ಲ, ಬೆಕ್ಕಿನ ಹಾಗೆ ಓಡಾಡಿದ. ಮಂದಾಕಿನಿ ಆ ಮನೆಗೆ ಕಾಲಿಡಲಿಲ್ಲ. ವಿಮೆ ಇಲ್ಲದ ಮನೆಗೆ ಹೋಗಿಬರುವವರ ಕಂತನ್ನೂ ಏರಿಸುತ್ತಾರೆ ಎಂಬ ಹೆದರಿಕೆಗೆ, ಅವನೇ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಹೋಗುತ್ತಿದ್ದ. ಬಂದವನು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ತುಸು ಹೊತ್ತು ನಿಲ್ಲುತ್ತಿದ್ದ. ಅವಳಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಮೂರನೆಯ ಮಳೆಗಾಲ ಮುಗಿಯಲು ಈಗ ಹದಿನೇಳು ದಿನ ಉಳಿದಿತ್ತು.

ಅದೇ ವಿಮೆ ಕಂಪನಿಯ ‘ಕೇಳುವ ಕೋಣೆ’ಯಲ್ಲಿ ಮಂದಾಕಿನಿಗೆ ಕೆಲಸ. ಗುಬ್ಬಿಗಳು ಕಳಿಸುವ ಸದ್ದುಗಳಲ್ಲಿ ಯಂತ್ರಕ್ಕೆ ಬಗೆಹರಿಯದ್ದು ಮನುಷ್ಯರ ಕಿವಿಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನು, ಮುಂದೆ ಮೂರು ಗುಂಡಿ. ಹಸಿರೆಂದರೆ ಅಪಾಯವಿಲ್ಲ, ಹಳದಿ ಎಂದರೆ ಒಂದು ದಿನ ತಡೆ, ಕೆಂಪು ಎಂದರೆ ಆ ಮನೆಯ ಕಥೆ ಮುಗಿಯಿತು, ಕೆಡವಲು ಬುಲ್ಡೋಜರ್ ಬರುತ್ತದೆ. ತೊಲೆ ಸೀಳಿದ್ದೋ, ತೆಂಗಿನಕಾಯಿ ಒಡೆದದ್ದೋ? ಗೋಡೆ ಜಾರಿದ್ದೋ, ಗೋಧಿ ಮೂಟೆ ಇಳಿಸಿದ್ದೋ? ಎಷ್ಟು ಓದಿದವರೂ ಇದರಲ್ಲಿ ಎಡವುತ್ತಿದ್ದರು, ಹತ್ತನೆಯ ತರಗತಿ ಓದಿದ ಮಂದಾಕಿನಿ ಎಡವುತ್ತಿರಲಿಲ್ಲ. ಹದಿನಾರು ವರ್ಷ ಬಡಿಗನ ಜೊತೆ ಸಂಸಾರ ಮಾಡಿದವಳು, ಸದ್ದು ಕೇಳಿಯೇ ಇದು ಬೇವು, ಇದು ಸಾಗುವಾನಿ ಎನ್ನುತ್ತಿದ್ದಳು. ಮೇಲಧಿಕಾರಿ ಪ್ರಭುಲಿಂಗ ಹಂಜಿಯವರು ಹೊಸಬರಿಗೆ, “ಯಂತ್ರ ಹೇಳೂದ ಕೇಳಬ್ಯಾಡ್ರಿ, ಮಂದಾಕಿನಿಯವ್ರು ಹೇಳೂದ ಕೇಳ್ರಿ,” ಎನ್ನುತ್ತಿದ್ದರು. ಆ ಹಂಜಿಯವರ ಸ್ವಂತ ಕಾರಿಗೇ ವಿಮೆ ತಪ್ಪಿ, ಅವರು ಸೈಕಲ್ಲಿನ ಮೇಲೆ ಕಚೇರಿಗೆ ಬರುತ್ತಿದ್ದದ್ದು ಬೇರೆ ಮಾತು.

ದಿನವಿಡೀ ಕಂಡರಿಯದವರ ಮನೆಗಳನ್ನು ಕೇಳಿ ಕೇಳಿ, ಸಂಜೆ ಅವಳು ಸದ್ದೇ ಇಲ್ಲದ ಮನೆಗೆ ಬರುತ್ತಿದ್ದಳು. ಐದನೆಯ ಮಹಡಿಯ ಸಿಮೆಂಟು ಗೋಡೆಗಳಿಗೆ ಮಾತೇ ಬರುತ್ತಿರಲಿಲ್ಲ. ಅಡುಗೆ ಮುಗಿದೊಡನೆ ಅವಳ ಕೈ ತಾನಾಗಿ ಸೌಟನ್ನು ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು. ಟಕ್ ಟಕ್, ಎರಡೇ ಪೆಟ್ಟು. ಹೊಳೆಸಾಲಿನ ಮನೆಯಲ್ಲಿ ಅದು ಊಟದ ಕರೆ. ಹಿತ್ತಲಿನ ಕೆಲಸದ ಕೊಟ್ಟಿಗೆಯಲ್ಲಿ ಗರಗಸದ ಸದ್ದಿಗೆ ಕೂಗಿದರೆ ಮೌನೇಶನಿಗೆ ಕೇಳುತ್ತಿರಲಿಲ್ಲ, ಕಟ್ಟಿಗೆಯ ಮೇಲೆ ಬಿದ್ದ ಪೆಟ್ಟು ಮಾತ್ರ ಎಲ್ಲಿದ್ದರೂ ಕೇಳುತ್ತಿತ್ತು. ಅವನು ಸುತ್ತಿಗೆಯಿಂದ ಒಂದೇ ಪೆಟ್ಟು ಹೊಡೆದು ಉತ್ತರ ಕೊಡುತ್ತಿದ್ದ. ಅಂದರೆ, ಬಂದೆ.

“ಯಾರನ್ನ ಕರೀತಿ ಅವ್ವಾ? ನಾ ಇಲ್ಲೇ ಕುಂತೇನಲ್ಲ,” ಎಂದು ಚಿನ್ಮಯಿ ನಗುತ್ತಿದ್ದಳು. ಈಚೆಗೆ ನಗುವುದನ್ನು ಬಿಟ್ಟಿದ್ದಳು. ಇಬ್ಬರೂ ಸುಮ್ಮನೆ ತುಸು ಹೊತ್ತು ಕಾದು, ಆಮೇಲೆ ಊಟಕ್ಕೆ ಕೂಡುತ್ತಿದ್ದರು.

ಆ ಮಂಗಳವಾರ ಮಧ್ಯಾಹ್ನ ಅವಳ ಸರದಿಗೆ ಬಂದ ಸದ್ದು ಬರೀ ಹನ್ನೆರಡು ಸೆಕೆಂಡಿನದು. ವಿಳಾಸ ಕಾಣುತ್ತಿರಲಿಲ್ಲ, ಒಂದು ಸಂಖ್ಯೆ ಅಷ್ಟೇ. ಯಂತ್ರ ‘ನಡುಗಂಬದಲ್ಲಿ ಬಿರುಕು ಇರಬಹುದು’ ಎಂದು ಬರೆದಿತ್ತು. ಮಂದಾಕಿನಿ ಗುಂಡಿ ಒತ್ತಿದಳು.

ಸ್ಟೂಲು ಎಳೆದ ಸದ್ದು. ಆಮೇಲೆ ಕಟ್ಟಿಗೆಯ ಮೇಲೆ ಲೋಹದ ಮೂರು ಪೆಟ್ಟು. ಅರಿವೆ ಸುತ್ತಿದ ಸುತ್ತಿಗೆ, ಮೆತ್ತಗಿನ ಮೊಳೆ.

ಅದು ಅವಳ ಮನೆಯ ನಡುಗಂಬ. ಆ ಕಂಬವನ್ನು ಅವಳು ಹದಿನಾರು ವರ್ಷ ಒರೆಸಿದ್ದಳು, ಹಬ್ಬಕ್ಕೆ ಎಣ್ಣೆ ತಿಕ್ಕಿದ್ದಳು, ಬಸುರಿಯಾಗಿದ್ದಾಗ ಅದಕ್ಕೇ ಬೆನ್ನು ಕೊಟ್ಟು ಕೂತಿದ್ದಳು. ಸ್ವಂತ ಮನೆಯ ಸದ್ದು ಅವರವರ ಕಿವಿಗೆ ಬೀಳಬಾರದು ಎಂಬುದು ಕಂಪನಿಯ ನಿಯಮ, ಯಂತ್ರವೇ ಅದನ್ನು ತಡೆಯುತ್ತಿತ್ತು. ಆದರೆ ಕಾಗದದ ಪ್ರಕಾರ ಅದೀಗ ಅವಳ ಮನೆಯಲ್ಲವಲ್ಲ!

ಮೊದಲು ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು. ಮೂರು ವರ್ಷದ ಮೇಲೆ ಮನೆಯ ದನಿ ಕೇಳಿದ್ದಳು. ಇನ್ನೊಮ್ಮೆ ಕೇಳಿದಳು. ಮತ್ತೂ ಒಮ್ಮೆ ಕೇಳಿದಾಗ, ಇದು ಎಂಥ ಪೆಟ್ಟು ಎಂಬುದು ಮನಸ್ಸಿಗೆ ಇಳಿಯಿತು.

ಬಡಿಗೇರರ ಮನೆಯಲ್ಲೊಂದು ಪದ್ಧತಿಯಿತ್ತು. ಹೊಳೆ ಮನೆಯೊಳಗೆ ಬಂದು ಇಳಿದರೆ, ಕೆಸರು ಬಳಿಯುವ ಮೊದಲು ಮನೆಯ ಹಿರಿಯ ನಡುಗಂಬದ ಮೇಲೆ ನೀರು ನಿಂತ ಗುರುತಿಗೆ ಒಂದು ತಾಮ್ರದ ಮೊಳೆ ಹೊಡೆಯಬೇಕು, ಮನೆಯ ಹೆಣ್ಣುಮಗಳು ಅದಕ್ಕೆ ಅರಿಷಿಣ ಹಚ್ಚಬೇಕು. ಆಮೇಲೇ ಕಸಬರಿಗೆ. ಮುತ್ತಜ್ಜನ ಮೊಳೆ ಪಾದದ ಗಂಟಿನ ಎತ್ತರಕ್ಕಿತ್ತು. ಅಜ್ಜನವು ಮೊಣಕಾಲಿನ ಆಸುಪಾಸು. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದ್ದು ಏಳನೆಯದು, ಎದೆಮಟ್ಟ. ಅದನ್ನು ಮೌನೇಶನ ಅಪ್ಪ ಹೊಡೆದಿದ್ದರು.

ಹಾಗಾದರೆ ಇದು ಎಂಟನೆಯದು.

ಹಿಂದಿನ ವಾರ ನಾಲ್ಕು ದಿನ ಎಡೆಬಿಡದೆ ಮಳೆ ಸುರಿದಾಗ ಅವಳು ಗಳಿಗೆಗೊಮ್ಮೆ ಫೋನು ಮಾಡಿದ್ದಳು. “ನೀರು ಕಟ್ಟೀಗೆ ಬಂದೈತಿ ಅಷ್ಟ. ಇಳೀತೈತಿ,” ಎಂದಿದ್ದ ಅವನು, ಪಿಸುದನಿಯಲ್ಲಿ. ಗುಬ್ಬಿಯ ರೂಢಿಗೆ ಪಿಸುಗುಡುತ್ತಾನೆ ಎಂದುಕೊಂಡಿದ್ದಳು. ಹೊಳೆಯ ಅಳತೆಗೋಲು ಮೊದಲ ದಿನವೇ ಕೊಚ್ಚಿಹೋಗಿತ್ತು, ಉಪಗ್ರಹದ ಕಣ್ಣಿಗೆ ಮೋಡ ಕವಿದಿತ್ತು. ಆ ಮನೆಯಲ್ಲಿ ಏನಾಯಿತೆಂದು ಹೇಳಬೇಕಾದದ್ದು ಗುಬ್ಬಿಯೊಂದೇ. ಅದೂ ಹೇಳಿರಲಿಲ್ಲ. ಯಾಕೆ ಎಂದು ಅವಳಿಗೆ ಗೊತ್ತಾಯಿತು. ಹೊಳೆ ಬಂದರೆ ಹೊಳೆಸಾಲಿನವರು ಬಾಗಿಲು ಹಾಕಿ ಕೂಡುವುದಿಲ್ಲ. ಮುಂಬಾಗಿಲು, ಹಿಂಬಾಗಿಲು ಎರಡನ್ನೂ ಹಾರುಹೊಡೆದಿಟ್ಟು ಹೊಳೆಗೆ ದಾರಿ ಬಿಡುತ್ತಾರೆ. ಅದು ನೆಂಟರ ಹಾಗೆ ಒಳಗೆ ಬಂದು, ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಗುಬ್ಬಿಗೆ ಕಲಿಸಿದ್ದು ಮುಚ್ಚಿದ ಗೋಡೆಗೆ ನೀರು ಬಡಿಯುವ ಸದ್ದನ್ನು ಮಾತ್ರ. ತೆರೆದ ಮನೆಯಲ್ಲಿ ಹಾದುಹೋದ ನೀರನ್ನು ಅದು ಮಳೆ ಎಂದುಕೊಂಡಿತ್ತು.

ಅಂದರೆ ಹಸಿರು ಒತ್ತಿದರೆ ಮುಗಿಯಿತು. ‘ಮೊಳೆ ಹೊಡೆದ ಸದ್ದು, ಬಿರುಕಲ್ಲ.’ ಅದರಲ್ಲಿ ಸುಳ್ಳೂ ಇಲ್ಲ. ಹದಿನೇಳು ದಿನ ಕಳೆದರೆ ವಿಮೆ, ಮನೆ, ಗಂಡ, ಎಲ್ಲ ಮರಳಿ ಬರುತ್ತವೆ. ಅವಳ ಬೆರಳು ಹಸಿರಿನ ಮೇಲೆಯೇ ಇತ್ತು. ಆದರೆ ಅವಳ ಕಿವಿ ಒಪ್ಪಲಿಲ್ಲ. ಕಂಬದ ಬುಡಕ್ಕೆ ಹೊಡೆದರೆ ಕಲ್ಲು ಸದ್ದನ್ನು ನುಂಗುತ್ತದೆ, ನಡುವಿಗೆ ಹೊಡೆದರೆ ಕಂಬ ಗುಂಯ್ ಎನ್ನುತ್ತದೆ. ಈ ಮೂರು ಪೆಟ್ಟುಗಳಿಗೆ ಮಾತ್ರ ಮೇಲಿನ ಅಟ್ಟದ ಹಲಗೆಗಳು ಗಲಗಲ ಎಂದು ದನಿಗೂಡಿಸಿದ್ದವು. ಮತ್ತೆ ಆ ಸ್ಟೂಲು. ಆರಡಿ ಎತ್ತರದ ಮೌನೇಶ ಒಂದು ಮೊಳೆ ಹೊಡೆಯಲು ಸ್ಟೂಲು ಯಾಕೆ ಹತ್ತಿದ?

ಅವಳು ಹಳದಿ ಒತ್ತಿ ಎದ್ದಳು.

“ಏನಾತ್ರಿ?” ಹಂಜಿಯವರು ತಲೆಯೆತ್ತಿದರು.

“ಒಂದು ಸದ್ದು ಬಗೀಹರೀವಲ್ದು ಸರ್. ನಾಳೆ ಒಂದಿನ ರಜಾ ಬೇಕು.”

“ನಿಮಗ ಬಗೀಹರೀವಲ್ದು?” ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಹೆಚ್ಚಿಗೆ ಕೇಳಲಿಲ್ಲ. “ನಾಳೆ ಒಂದ ದಿನ ಅಷ್ಟ ನೋಡ್ರಿ. ಆಮ್ಯಾಲೆ ಯಂತ್ರ ತಾನ ಕೆಂಪ ಹಾಕತೈತಿ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಗೋಕಾಕಕ್ಕೆ ಹೋದಳು. ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು: ನೋಡಿಬರುತ್ತೇನೆ ಅಷ್ಟೇ, ಎದೆಮಟ್ಟದ ಮೇಲೆ ಒಂದು ಗೇಣು ಇದ್ದೀತು, ಬಂದು ಹಸಿರು ಒತ್ತುತ್ತೇನೆ. ಹೊಳೆಸಾಲಿನಲ್ಲಿ ಬೀಗ ಹಾಕಿದ ಬಾಗಿಲುಗಳ ಮುಂದೆ ಕೆಸರು ಒಣಗಿ ಬಿರಿದಿತ್ತು. ತನ್ನ ಮನೆಯ ಹೊಸ್ತಿಲ ಮುಂದೆ ಅವಳ ಕಾಲು ತಡೆಯಿತು. ಮೂರು ವರ್ಷ ಕನಸಿನಲ್ಲಿ ದಾಟಿದ ಹೊಸ್ತಿಲು ಅದು. ಬಗ್ಗಿ ಕೈಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.

ಮೌನೇಶ ನೆಲಕ್ಕೆ ಕೂತು ನೆನೆದು ಒಣಗಿದ ಹಾಸಿಗೆಯ ಅರಳೆ ಹಿಂಜುತ್ತಿದ್ದ. ಅವಳನ್ನು ಕಂಡು ಗಾಬರಿಯಾಗಿ ಎದ್ದ. ಬಾಯಿ ತೆರೆದವನು ರೂಢಿಯಂತೆ ಕಂಬದ ನೆತ್ತಿಯ ಮೇಲಿನ ಗುಬ್ಬಿಯ ಕಡೆ ನೋಡಿದ.

“ಮಾತು ಅದಕ್ಕ ಕೇಳೂದಿಲ್ಲ. ಗಟ್ಟ್ಯಾಗಿ ಮಾತಾಡ್ರಿ,” ಎಂದಳು ಮಂದಾಕಿನಿ. “ಮೊಳಿ ಎಲ್ಲೈತಿ?”

ಅವನ ಕಣ್ಣು ಕಂಬದ ಕಡೆ ಹೋಯಿತು. ಅವಳೇ ಕಂಬವನ್ನು ಬುಡದಿಂದ ನೋಡುತ್ತ ಬಂದಳು. ಎದೆಮಟ್ಟದ ಏಳನೆಯದನ್ನು ದಾಟಿ ಮೇಲೆ ನೋಡಿದಳು. ಮುಖದ ಮಟ್ಟದಲ್ಲಿ ಇರಲಿಲ್ಲ. ಕತ್ತೆತ್ತಿದಳು. ಅಟ್ಟದ ಹಲಗೆಗೆ ಒಂದು ಗೇಣು ಕೆಳಗೆ, ಹೊಸ ತಾಮ್ರ ಮಿನುಗುತ್ತಿತ್ತು. ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಬೆರಳು ತಲುಪಲಿಲ್ಲ.

“ನೀವು ಎಲ್ಲಿದ್ರಿ?”

“ಅಟ್ಟದ ಮ್ಯಾಲೆ. ಎರಡು ದಿನ.” ಅವನು ಅಪರಾಧಿಯ ಹಾಗೆ ನಿಂತಿದ್ದ. “ಇನ್ನೊಂದು ಗೇಣು ಬಂದಿದ್ರ ಹೆಂಚು ತಗದು ಹೊರಗ ಬರೂದಿತ್ತು. ಬರಲಿಲ್ಲ, ಬಿಡು.”

“ನಾ ಫೋನ್ ಮಾಡಿದಾಗ?”

“ಆವಾಗೂ ಅಲ್ಲೇ ಇದ್ನಿ. ಹೇಳಿದ್ರ ನೀ ಓಡಿ ಬರ್ತಿದ್ದಿ.”

ಮಂದಾಕಿನಿ ಕಂಬಕ್ಕೆ ಹಣೆ ಹಚ್ಚಿ ಅತ್ತಳು. ಅವನು ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. ಮೂರು ವರ್ಷದಲ್ಲಿ ಆ ಮನೆಯಲ್ಲಿ ಇಬ್ಬರು ಒಟ್ಟಿಗೆ ನಿಂತದ್ದು ಅದೇ ಮೊದಲು.

“ಇಷ್ಟ ದಿನ ಬೆಕ್ಕಿನಂಗ ಬದುಕಿದ್ರಿ,” ಎಂದಳು ಕಣ್ಣೊರೆಸಿಕೊಂಡು. “ಸುಮ್ಮನಿದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಈ ಮೊಳಿ ಯಾಕ ಹೊಡದ್ರಿ?”

“ಐದು ದಿನ ತಡದೆ ಮಂದಾ. ಕೆಸರು ಬಳದ್ನಿ, ಹಾಸಗಿ ಒಣಗಿಸಿದ್ನಿ, ಆದ್ರ ಇದರ ಮುಂದ ನಿಂತ್ರ ಅಪ್ಪ, ಅಜ್ಜ ಎಲ್ಲಾರೂ ನೋಡಿಕೋತ ನಿಂತಂಗ ಆಗೂದು. ಗುಬ್ಬಿಗೆ ಸುಳ್ಳು ಹೇಳಬಹುದು. ಈ ಕಂಬಕ್ಕ ಹೆಂಗ ಹೇಳ್ಲಿ?” ಅವನು ಮೂಲೆಯಲ್ಲಿದ್ದ ಸುತ್ತಿಗೆಯ ಕಡೆ ನೋಡಿದ. “ಅರಿವಿ ಸುತ್ತಿ ಹೊಡದೆ. ಕೇಳಿಸ್ತೇನು?”

“ನನಗ ಕೇಳಿಸ್ತು.”

ಅವನ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಆಸೆ ಮೂಡಿತು. ಆ ಆಸೆಯನ್ನು ನೋಡುವುದೇ ಅವಳಿಗೆ ಕಷ್ಟವಾಯಿತು. “ನಿನ್ನ ಕಡೇನ ಬಂತಾ? ಹಂಗಾದ್ರ ಹಸರ ಒತ್ತಿಬಿಡು. ಹದಿನಾರು ದಿನ ಉಳದಾವ. ಮುಂದಿನ ವರ್ಷದ ನೀರು ಮುಂದಿನ ವರ್ಷ ನೋಡೂಣು. ಚಿನ್ನೂನ್ನ ಕರಕೊಂಡು ಬಾ. ಅಕಿ ಹಾಸಗಿ ಇಲ್ಲೇ ಹಾಕೂಣು, ಕಂಬದ ಮಗ್ಗಲಕ, ಮೊದಲಿನಂಗ.”

ಮಂದಾಕಿನಿ ಕಂಬದ ಮಗ್ಗುಲನ್ನು ನೋಡಿದಳು. ಅಲ್ಲಿ ಹಾಸಿಗೆ ಹಾಸಿದ್ದನ್ನು ನೋಡಿದಳು. ಹೆರಳು ಚೆಲ್ಲಿ ಮಲಗಿದ ಹುಡುಗಿಯನ್ನು ನೋಡಿದಳು. ಆಮೇಲೆ ತಲೆಯೆತ್ತಿ ಮೊಳೆಯನ್ನು ನೋಡಿದಳು.

“ನೀವು ಮನಸ್ಸಿನಿಂದ ಹೇಳ್ರಿ. ಅಕೀನ ಇಲ್ಲಿ ಮಲಗಸ್ತೀರಿ?”

ಅವನೂ ತಲೆಯೆತ್ತಿ ಮೊಳೆಯನ್ನು ನೋಡಿದ. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

ದೇವರ ಗೂಡಿನ ಅರಿಷಿಣದ ಬಟ್ಟಲಲ್ಲಿ ಕೆಸರು ತುಂಬಿತ್ತು. ಅವಳು ಅಟ್ಟ ಹತ್ತಿ ಹುಡುಕಿ ಒಂದು ಪೊಟ್ಟಣ ತಂದು, ಸ್ಟೂಲು ಹತ್ತಿ ಎಂಟನೆಯ ಮೊಳೆಗೆ ಅರಿಷಿಣ ಹಚ್ಚಿದಳು. ಅವನು ಸ್ಟೂಲು ಅಲುಗದಂತೆ ಕೆಳಗೆ ಹಿಡಿದುಕೊಂಡಿದ್ದ.

“ಮನಿ ಬಿಚ್ಚೂದು ಯಾರೋ ಬಂದು ಬುಲ್ಡೋಜರ್ ಹಚ್ಚಿ ಮಾಡೂದು ಬ್ಯಾಡ,” ಎಂದ ಕೊನೆಗೆ. “ನಾನ ಬಿಚ್ತೇನಿ. ಒಂದು ಹಲಗಿ ಸೀಳದಂಗ.”

ಗುರುವಾರ ಬೆಳಿಗ್ಗೆ ಮಂದಾಕಿನಿ ಕೆಂಪು ಒತ್ತಿದಳು. ಕಾರಣ ಬರೆಯುವ ಜಾಗದಲ್ಲಿ, ‘ಮನೆಯೊಳಗೆ ಆಳೆತ್ತರ ದಾಟಿ ನೀರು ಬಂದಿತ್ತು. ಇದು ನನ್ನ ಮನೆ’ ಎಂದು ಬರೆದಳು. ಹಂಜಿಯವರು ಅದನ್ನು ಎರಡು ಸಲ ಓದಿ, ಎರಡನೆಯ ವಾಕ್ಯವನ್ನು ತಾವೇ ಅಳಿಸಿದರು.

“ಈ ಸಾಲು ನಾ ನೋಡಿಲ್ಲ,” ಎಂದರು. ಆಮೇಲೆ, “ಬಿಚ್ಚೂತನಕ ಗುಬ್ಬಿ ಚಾಲೂ ಇರತೈತಿ. ಅದರ ಸದ್ದು ನಿಮಗ ಬರಲಿ,” ಎಂದು ಕನ್ನಡಕ ಒರೆಸುತ್ತ ತಮ್ಮ ಜಾಗಕ್ಕೆ ಹೋದರು.

ಹನ್ನೆರಡು ದಿನ ಅವಳು ತನ್ನ ಮನೆ ಬಿಚ್ಚುವುದನ್ನು ಕೇಳಿದಳು. ಮೂರು ವರ್ಷ ಬಾಯಿ ಕಟ್ಟಿದ್ದ ಸುತ್ತಿಗೆ ಈಗ ಗಂಟಲು ಬಿಚ್ಚಿ ಮಾತಾಡುತ್ತಿತ್ತು. ಯಂತ್ರ ಹೆದರಿ ಹೆದರಿ ‘ತೊಲೆ ಕುಸಿತ’, ‘ಚೌಕಟ್ಟು ಕುಸಿತ’ ಎಂದು ಬರೆಯುತ್ತಿತ್ತು. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಇದು ಅಡುಗೆಮನೆಯ ಬಾಗಿಲು, ತಿರುಗಣಿಯಲ್ಲಿ ಕೀರಲು ದನಿ ಇನ್ನೂ ಹಾಗೆಯೇ ಇದೆ. ಇದು ಚಿನ್ಮಯಿಯ ತೊಟ್ಟಿಲು ಕಟ್ಟಿದ್ದ ಕೊಂಡಿ. ಇದು ಅಟ್ಟದ ಹಲಗೆ, ಎರಡು ದಿನ ಅವನನ್ನು ಹೊತ್ತದ್ದು. ಒಂದೊಂದಕ್ಕೂ ಅವಳು ಕೆಂಪು ಒತ್ತಿದಳು, ಒಂದೊಂದನ್ನೂ ಒತ್ತುವ ಮೊದಲು ಎರಡು ಸಲ ಕೇಳಿದಳು. ಹೊಳೆಸಾಲಿನ ವಿಳಾಸ ಬಿಟ್ಟ ಮೌನೇಶನ ಗಾಡಿಗೆ ವಿಮೆ ಮರಳಿ ಸಿಕ್ಕಿತು. ಕಟ್ಟಿಗೆ ಸಾಗಿಸಲು ಗಾಡಿ ಹೊರಬಿದ್ದಿದೆ ಎಂದು ಅವನೇ ಫೋನಿನಲ್ಲಿ ಹೇಳಿದ. ಆ ಮನೆ ಬಿಟ್ಟರೆ ಉಳಿದದ್ದೆಲ್ಲ ಮರಳಿ ಬರುತ್ತಿತ್ತು. ಮನೆಗೇ ಅವಳ ಜೀವ ತುಡಿಯುತ್ತಿತ್ತು.

ಹದಿಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬಂದ ಸದ್ದು ಹಿಂದಿನವುಗಳ ಹಾಗಿರಲಿಲ್ಲ. ಸುತ್ತ ಗೋಡೆಯಿಲ್ಲ, ತೊಲೆಯಿಲ್ಲ. ಬಯಲಿನಲ್ಲಿ ನಿಂತ ಕಂಬ, ಅದರ ನೆತ್ತಿಯ ಮೇಲೆ ಗುಬ್ಬಿ, ಆಚೆ ಹೊಳೆ ಹರಿಯುವ ಸದ್ದು. ಯಾರೋ ಬರಿಗಾಲಲ್ಲಿ ನಡೆದು ಬಂದು ನಿಂತರು. ತುಸು ಹೊತ್ತು ಏನೂ ಇಲ್ಲ.

ಆಮೇಲೆ ಕಂಬದ ಮೇಲೆ ಸುತ್ತಿಗೆಯ ಒಂದು ಪೆಟ್ಟು. ಒಂದೇ ಒಂದು.

‘ಗುರುತು ಸಿಗಲಿಲ್ಲ’ ಎಂದು ಬರೆದಿತ್ತು ಯಂತ್ರ.

ಮಂದಾಕಿನಿ ಅದನ್ನು ಎರಡನೆಯ ಸಲ ಕೇಳಲಿಲ್ಲ. ಕಾರಣ ಬರೆಯುವ ಜಾಗದಲ್ಲಿ ‘ಮನೆಯವರು ಊಟಕ್ಕೆ ಬರುತ್ತಿದ್ದಾರೆ’ ಎಂದು ಬರೆದು ಹಸಿರು ಒತ್ತಿದಳು.